ನನ್ನ ಅನುಭವ: ಮೊದಲ ಸೇಫ್ಟಿ ರೇಜರ್, ಎಂಟು ಬಗೆಯ ಬ್ಲೇಡು, ಒಂದು ಕುತ್ತಿಗೆ

ಕೊಡಗಿನ ನಾಪೋಕ್ಲು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಎಂದರೆ ಲೆಕ್ಕ ಬರೆಯುವವನು, ಆಗಿರುವ ನನಗೆ ದಿನವೂ ಕ್ಷೌರ ಮಾಡಿಕೊಳ್ಳಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಆದರೆ ಸೈನ್ಯದಿಂದ ನಿವೃತ್ತರಾಗಿ ಬಂದ ತಂದೆಯ ಮನೆಯಲ್ಲಿ ಬೆಳೆದವನಿಗೆ ಎರಡು ದಿನದ ಗಡ್ಡ ಹೊತ್ತು ಹೊರಗೆ ಕಾಲಿಡುವುದು ಇಂದಿಗೂ ಆಗದ ಮಾತು. ತೊಂದರೆಯಿದ್ದುದು ಕುತ್ತಿಗೆಯಲ್ಲಿ. ಎಡಗಡೆಯ ಕೂದಲು ಕೆಳಗಿನಿಂದ ಕಿವಿಯ ಕಡೆಗೆ ಓರೆಯಾಗಿ ಮಲಗುವುದರಿಂದ, ಐದು ಅಲಗಿನ ಕಾರ್ಟ್ರಿಜ್ (ಹಿಡಿಗೆ ಸಿಕ್ಕಿಸಿ, ಸವೆದಾಗ ಬಿಸಾಡುವ ಬ್ಲೇಡಿನ ತಲೆ) ಬಳಸಿದ ಹತ್ತು ವರ್ಷವೂ ಕೂದಲು ಚರ್ಮದೊಳಗೇ ಮುರುಟಿಕೊಂಡು ಕೆಂಪು ಗುಳ್ಳೆಗಳೇಳುತ್ತಿದ್ದವು. ಅದಕ್ಕಾಗಿ ನಾನು ತೆರುತ್ತಿದ್ದುದು ನಾಲ್ಕರ ಪೊಟ್ಟಣಕ್ಕೆ 700 ರೂಪಾಯಿಯ ಆಸುಪಾಸು. ಒಂದೊಂದನ್ನು ಎರಡು ವಾರ ಎಳೆದಾಡಿದರೂ ವರ್ಷಕ್ಕೆ ನಾಲ್ಕೂವರೆ ಸಾವಿರ. ಎರಡೂ ಬದಿ ಅಲಗಿರುವ ಒಂದೇ ಬ್ಲೇಡನ್ನು ಹಾಕುವ ಹಳೆಯ ಕಾಲದ ಸೇಫ್ಟಿ ರೇಜರಿಗೆ ಬದಲಾಗುತ್ತೇನೆಂದಾಗ ಚಿಕ್ಕಪ್ಪ, "ನಾವು ಅದನ್ನು ಬಿಟ್ಟು ಇಪ್ಪತ್ತು ವರ್ಷ ಆಯ್ತಲ್ಲೋ, ಈಗ ನೀನ್ಯಾಕೆ ಕತ್ತು ಕೊಯ್ದುಕೊಳ್ತೀಯ?" ಎಂದಿದ್ದರು. ಕ್ಷೌರದಂಗಡಿಯ ಗೆಳೆಯ ಏನೂ ಹೇಳದೆ ನಕ್ಕಿದ್ದ. ಮೂರು ವರ್ಷವಾಯಿತು, ಕುತ್ತಿಗೆಯಲ್ಲಿ ಈಗ ಒಂದು ಗುಳ್ಳೆಯೂ ಇಲ್ಲ.

ಮೊದಲ ವರ್ಷ ಮಾತ್ರ ನಗುವವರಿಗೇ ಅನುಕೂಲವಾಗುವಂತೆ ನಡೆಯಿತು. ಸಂತೆಯಲ್ಲಿ 180 ರೂಪಾಯಿಗೆ ಕೊಂಡ ಮೊದಲ ರೇಜರ್ ಸತುವಿನ ಮಿಶ್ರಲೋಹದ್ದು, ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಅನಿಸದಷ್ಟು ಹಗುರ. ತೂಕವಿಲ್ಲದ ರೇಜರ್ ತಾನಾಗಿ ಕೆಳಗಿಳಿಯುವುದಿಲ್ಲ, ಕೈ ಒತ್ತುತ್ತದೆ, ಒತ್ತಿದಲ್ಲಿ ಗೀರು ಬೀಳುತ್ತದೆ. ಅದರ ಮೇಲೆ ಕಕ್ಕಡದ, ಎಂದರೆ ಜುಲೈ-ಆಗಸ್ಟಿನ, ಮಳೆ. ತಿಂಗಳುಗಟ್ಟಲೆ ಬಚ್ಚಲುಮನೆಯ ಗೋಡೆಯೇ ಬೆವರುವ ನಮ್ಮಲ್ಲಿ, ಒದ್ದೆಯಾಗಿಯೇ ಇರುತ್ತಿದ್ದ ಆ ತಲೆಯ ಲೇಪ ಮೊದಲು ಗುಳ್ಳೆಯೆದ್ದು, ಆಮೇಲೆ ಹಪ್ಪಳದಂತೆ ಎದ್ದು ಬಂತು; ಒಂದು ಬೆಳಿಗ್ಗೆ ಮುಚ್ಚಳದ ತಿರುಪು ಮುರಿದು ಹಿಡಿಯೊಳಗೇ ಉಳಿಯಿತು.

ಇದರಿಂದ ನಾನು ಕಲಿತ ಪಾಠವೇ ತಪ್ಪು. ರೇಜರ್ ಸಾಕಷ್ಟು ಹರಿತವಾಗಿ ಕೆಲಸ ಮಾಡುತ್ತಿಲ್ಲವೆಂದು ತಿಳಿದು, ಸುಮಾರು 1,700 ರೂಪಾಯಿ ಸುರಿದು, ಬ್ಲೇಡು ಹೊರಗೆ ಚೆನ್ನಾಗಿ ಚಾಚಿಕೊಂಡಿರುವ, ಬಾಚಣಿಗೆಯಂತೆ ಹಲ್ಲುಗಳಿರುವ ಹಿತ್ತಾಳೆಯ ರೇಜರನ್ನು ತರಿಸಿದೆ. ಅದಕ್ಕೆ ಹಾಕಿದ್ದು ಹರಿತಕ್ಕೇ ಹೆಸರಾದ ಜಪಾನಿನ ಫೆದರ್. ಬ್ಲೇಡಿನ ತಪ್ಪೇನೂ ಇರಲಿಲ್ಲ, ಅದು ತನ್ನ ಕೆಲಸ ಮಾಡಿತು. ಮೊದಲ ದಿನ ಏಳು ಕಡೆ ರಕ್ತ ಬಂತು, ಪಟಿಕದ ತುಂಡು ಅರ್ಧ ಕರಗಿತು. ಹೆದರಿ ಅದೇ ರೇಜರಿಗೆ ಮೊಂಡುಬ್ಲೇಡು ಹಾಕಿದ್ದು ಇನ್ನೂ ದೊಡ್ಡ ತಪ್ಪಾಯಿತು. ರಕ್ತ ಕಡಿಮೆಯಾದರೂ ಉರಿ ಇಮ್ಮಡಿಯಾಯಿತು, ಏಕೆಂದರೆ ಮೊಂಡಾದ ಅಲಗು ಕೂದಲನ್ನು ಕತ್ತರಿಸುವ ಮೊದಲು ಎಳೆಯುತ್ತದೆ, ಎಳೆದಾಗ ನಾವು ಒತ್ತುತ್ತೇವೆ, ಒಂದೇ ಜಾಗಕ್ಕೆ ನಾಲ್ಕು ಸಲ ಹೋಗುತ್ತೇವೆ.

ಹೊಸಬರು ಬ್ಲೇಡು ಹೆಚ್ಚು ಹೊರಚಾಚದ ಸೌಮ್ಯ ರೇಜರನ್ನಿಟ್ಟುಕೊಂಡು ಬ್ಲೇಡನ್ನು ಹರಿತವಾಗಿಟ್ಟುಕೊಳ್ಳಬೇಕು ಎಂಬುದು ನನಗೆ ಹೊಳೆದದ್ದು ಆಗಲೇ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿ ಕೈಬಿಡುತ್ತಾರೆ. ಬೆಂಗಳೂರಿನಲ್ಲಿರುವ ಭಾವನ ಕೈಯಲ್ಲಿ ಜರ್ಮನಿಯ ಮೆರ್ಕುರ್ 34ಸಿ ತರಿಸಿದೆ. ನಾಲ್ಕು ಸಾವಿರದ ಹತ್ತಿರ ಬಿತ್ತು, ಮನೆಯವಳಿಗೆ ಇಂದಿಗೂ ಎರಡೂವರೆ ಎಂದೇ ಹೇಳಿದ್ದೇನೆ. ಮೋಟುಹಿಡಿ, ತಲೆಯ ಕಡೆ ಒಳ್ಳೆಯ ಭಾರ, ಹಲ್ಲಿಲ್ಲದ ನೇರ ಅಂಚು, ಬ್ಲೇಡು ಹೊರಗೆ ಕಾಣುವುದು ಗೆರೆಯಷ್ಟೇ. ಅಷ್ಟು ಹಣ ಸುರಿಯಲೇಬೇಕೆಂದಿಲ್ಲ. ಸಾವಿರ, ಸಾವಿರದೈನೂರರೊಳಗೆ ಸಿಗುವ ಮೂರು ತುಂಡಾಗಿ ಬಿಚ್ಚಿಕೊಳ್ಳುವ ಹಿತ್ತಾಳೆಯ ರೇಜರುಗಳಲ್ಲಿಯೂ ನೇರ ಅಂಚಿನದನ್ನೇ ಆರಿಸಿ, ಬ್ಲೇಡು ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬದಿಯ ಸಂದು ಒಂದೇ ಸಮನಾಗಿದೆಯೇ ಎಂದು ನೋಡಿದರೆ ಸಾಕು. ಓರೆಯಾಗಿದ್ದರೆ ಅಲ್ಲಿಯೇ ಹಿಂತಿರುಗಿಸಿ.

ಕಾರ್ಟ್ರಿಜ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಎರಡು ಅಲಗಿನ ಬ್ಲೇಡು ಯಾವ ದೇಶದ್ದಾದರೂ ಈ ಬಗೆಯ ಯಾವ ರೇಜರಿಗಾದರೂ ಕೂರುತ್ತದೆ. ಹೀಗಾಗಿ ರೇಜರನ್ನು ಆರು ತಿಂಗಳು ಮುಟ್ಟದೆ ಬ್ಲೇಡನ್ನು ಮಾತ್ರ ಬದಲಿಸುತ್ತ ಹೋದೆ. ಹಣ್ಣು ಕೊಯ್ಯುವವರ ತೂಕ ಬರೆಯುವ ಹಳೆಯ ಪುಸ್ತಕದ ಹಿಂಬದಿಯಲ್ಲಿ ಮೂರು ಕಂಬಸಾಲು ಎಳೆದು ‘ಎಳೆತ’, ‘ರಕ್ತ’, ‘ಮರುದಿನ’ ಎಂದು ಬರೆದುಕೊಂಡೆ; ಎಂಟು ಬಗೆಯ ಬ್ಲೇಡು, ಒಂದೊಂದಕ್ಕೂ ಐದು ಕ್ಷೌರ. ನೆನಪಿಡಬೇಕಾದದ್ದು ಮೂರನೆಯ ಸಾಲು. ಕ್ಷೌರವಾದ ಕೂಡಲೇ ನುಣುಪಾಗಿ ಕಂಡ ಎರಡು ಬ್ಲೇಡುಗಳು ಮರುದಿನ ಗುಳ್ಳೆ ತೋರಿಸಿದವು. ಕೊನೆಗೆ ಉಳಿದದ್ದು ಆಸ್ಟ್ರಾ ಸುಪೀರಿಯರ್ ಪ್ಲಾಟಿನಂ ಮತ್ತು ಅಂಗಡಿಯಲ್ಲೇ ಸಿಗುವ ಸೆವೆನ್ ಓ'ಕ್ಲಾಕ್. ಆಶ್ಚರ್ಯವೆಂದರೆ, ಹಿಂದೆ ಹೆದರಿಸಿದ ಫೆದರ್ ಈ ಸೌಮ್ಯ ರೇಜರಿನಲ್ಲಿ ಸಾಧುವಾಗಿ ನಡೆದುಕೊಂಡಿತು. ಈಗ ಮದುವೆಮನೆಯ ದಿನಗಳಿಗೆಂದು ಅದನ್ನು ತೆಗೆದಿಟ್ಟಿದ್ದೇನೆ.

ನಡುವೆ ಬೇರೆ ಹುಚ್ಚುಗಳೂ ನಡೆದವು. ನಮ್ಮ ಕೊಳವೆಬಾವಿಯ ನೀರು ಗಡಸಾಗಿದ್ದು, ಸಾಬೂನು ನೊರೆಯಾಗುವ ಬದಲು ಗಸಿಯಾಗುತ್ತದೆ. ಮಾಡಿನಿಂದ ಇಳಿಯುವ ಮಳೆನೀರನ್ನು ಪಾತ್ರೆಗೆ ಹಿಡಿದು ಹಂಡೆಯಲ್ಲಿ ಕಾಯಿಸಿ ಬಳಸಿದಾಗ ಅರ್ಧ ಸಾಬೂನಿಗೇ ಮೊಸರಿನಂಥ ನೊರೆ ಬಂತು. ಬ್ಲೇಡಿನಿಂದಾಯಿತೆಂದು ನಾನು ಬರೆದಿಟ್ಟಿದ್ದ ಉರಿಯಲ್ಲಿ ಒಂದು ಪಾಲು ನೀರಿನದೆಂದು ಆಗ ಗೊತ್ತಾಗಿ, ಎರಡು ಬ್ಲೇಡುಗಳ ಲೆಕ್ಕವನ್ನು ಮತ್ತೆ ಮಾಡಬೇಕಾಯಿತು. ತಂದೆಯವರ ಕಾಲದಂತೆ ಹಳೆಯ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಉಜ್ಜಿಯೂ ನೋಡಿದೆ. ಒಂದು ಕ್ಷೌರ ಹೆಚ್ಚು ಸಿಕ್ಕಿತೇನೋ, ಮೂರು ರೂಪಾಯಿಯ ವಸ್ತುವಿಗೆ ಆ ಕಷ್ಟ ಬೇಡ. ಮಳೆಗಾಲದಲ್ಲಿ ರೇಜರನ್ನು ಬಿಚ್ಚಿ, ಒರೆಸಿ, ಬಚ್ಚಲಿನಿಂದ ಹೊರಗಿಡುವುದಂತೂ ಕಡ್ಡಾಯ. ಸಾಬೂನಿಗೆ ನಾನು ಬೆರೆಸುವುದೊಂದಿದೆ, ಅಡುಗೆಮನೆಯದೇ. ಅದನ್ನು ಚಿಕ್ಕಪ್ಪನಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಲೆಕ್ಕ ಹೀಗಿದೆ: ಮೂರು ರೇಜರು, ಮಾದರಿ ಬ್ಲೇಡುಗಳು ಸೇರಿ ಆರೂವರೆ ಸಾವಿರ ಹೋಯಿತು, ಹಲ್ಲಿನ ರೇಜರನ್ನು ದೊಡ್ಡಪ್ಪನ ಒರಟುಗಡ್ಡದ ಮಗನಿಗೆ 900ಕ್ಕೆ ದಾಟಿಸಿದೆ, ಅವನಿಗೆ ಅದು ಒಗ್ಗಿತು. ಈಗ ವರ್ಷಕ್ಕೆ ಅರವತ್ತು ಬ್ಲೇಡು, ಹೆಚ್ಚೆಂದರೆ 200 ರೂಪಾಯಿ. ಬಳಸಿದವು ಮುಚ್ಚಳಕ್ಕೆ ಸೀಳು ಕೊರೆದ ಹಾಲಿನಪುಡಿ ಡಬ್ಬಿಯೊಳಗೆ ಹೋಗುತ್ತವೆ, ಮೂರು ವರ್ಷಕ್ಕೂ ಅದು ತುಂಬಿಲ್ಲ.

ಒಂದು ಬ್ಲೇಡಿನ ಎರಡನೆಯ, ಮೂರನೆಯ ಕ್ಷೌರಗಳೇ ನನಗೆ ಸೊಗಸು, ಐದಕ್ಕೆ ಬಿಸಾಡುತ್ತೇನೆ. ಆರನೆಯದಕ್ಕೆ ಆಸೆಪಟ್ಟದ್ದು ಮೂರು ಸಲ, ಮೂರು ಸಲವೂ ಕಿವಿಯ ಕೆಳಗೆ ಅದೇ ಜಾಗದಲ್ಲಿ ಗೀರು ಬಿದ್ದದ್ದು ತೂಕದ ಪುಸ್ತಕದಲ್ಲಿದೆ.