ಲೆನ್ಸ್ ಪವರ್ ಸರಿ ಇದೆ, ಕನ್ನಡಕ ಯಾಕೆ ಹೊಂದುತ್ತಿಲ್ಲ?

ತುಮಕೂರಿನಲ್ಲಿ ನನ್ನದೊಂದು ಸಣ್ಣ ಆಪ್ಟಿಕಲ್ಸ್ ಅಂಗಡಿ. ಲೆನ್ಸ್ ಬೆಂಗಳೂರಿನ ಲ್ಯಾಬ್‌ನಿಂದ ಬರುತ್ತದೆ, ಫಿಟ್ಟಿಂಗ್ ಮಾತ್ರ ಇಲ್ಲೇ. ಚೀಟಿಯಲ್ಲಿ 2.25 ಅಂತಿದ್ದರೆ ಲೆನ್ಸೂ ಸರಿಯಾಗಿ 2.25 ಇರುತ್ತದೆ ಅಂತ ಗಿರಾಕಿಗಳು ನಂಬಿರುತ್ತಾರೆ. ಹಾಗೇನೂ ಇರುವುದಿಲ್ಲ. ಲೆನ್ಸ್ ಕಡೆದು, ಪಾಲಿಶ್ ಮಾಡಿ, ಕೋಟಿಂಗ್ ಹಾಕುವಷ್ಟರಲ್ಲಿ ಪವರ್ ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ. ಎಷ್ಟರವರೆಗೆ ಒಪ್ಪಬಹುದು ಅನ್ನುವ ಮಿತಿಯೇ ಟಾಲರೆನ್ಸ್.

ನನ್ನ ಮೇಜಿನ ಮೇಲಿರುವುದು ಅಮೆರಿಕದವರ ಎಎನ್‌ಎಸ್‌ಐ ಝಡ್ 80.1 ಮಾನದಂಡದ ಪಟ್ಟಿ. ಸಿಂಗಲ್ ವಿಷನ್ ಲೆನ್ಸ್‌ಗೆ, ಅಂದರೆ ಇಡೀ ಲೆನ್ಸ್‌ನಲ್ಲಿ ಒಂದೇ ಪವರ್ ಇರುವುದಕ್ಕೆ, 6.50 ಪವರ್‌ವರೆಗೆ 0.13 ಹೆಚ್ಚಾದರೂ ಸರಿ, ಕಡಿಮೆಯಾದರೂ ಸರಿ. ಅದಕ್ಕಿಂತ ಮೇಲೆ ಪವರ್‌ನ ಶೇ. 2. ಈ 0.13 ಎಲ್ಲಿಂದ ಬಂತು? ಪವರ್ ಬರೆಯುವುದೇ 0.25ರ ಮೆಟ್ಟಿಲಿನಲ್ಲಿ. ಅದರ ಅರ್ಧ 0.125. ಲೆನ್ಸ್ ಪಕ್ಕದ ಮೆಟ್ಟಿಲಿಗೆ ಜಾರಬಾರದು, ಅಷ್ಟೇ. ಕಣ್ಣು ಪರೀಕ್ಷೆಯಲ್ಲೇ ಬೆಳಿಗ್ಗೆಗೂ ಸಂಜೆಗೂ 0.25 ವ್ಯತ್ಯಾಸ ಬರುವುದುಂಟು. ಹಾಗಾಗಿ ಈ ಮಿತಿ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಆದರೆ ಅಳೆಯುವ ಯಂತ್ರವೇ ವ್ಯತ್ಯಾಸವನ್ನು ಮುಚ್ಚಿಟ್ಟರೆ? ಆಟೋ ಲೆನ್ಸೋಮೀಟರ್‌ನಲ್ಲಿ ಅಂಕಿ ತೋರಿಸುವ ಹೆಜ್ಜೆಯನ್ನು 0.25ಕ್ಕೆ ಇಡಬಹುದು, 0.01ಕ್ಕೂ ಇಡಬಹುದು. ಎಷ್ಟೋ ಅಂಗಡಿಗಳಲ್ಲಿ ಅದು 0.25ರಲ್ಲೇ ಇರುತ್ತದೆ. ಆಗ ಮೈನಸ್ 2.13 ಇದ್ದರೂ 2.25 ಅಂತ ತೋರಿಸುತ್ತದೆ, 2.37 ಇದ್ದರೂ 2.25 ಅಂತಲೇ ತೋರಿಸುತ್ತದೆ. ನಾನು 0.01ಕ್ಕೆ ಇಟ್ಟಿದ್ದೇನೆ. ಲೆನ್ಸ್‌ನ ಹಿಂಬದಿ, ಅಂದರೆ ಕಣ್ಣಿನ ಕಡೆಯ ಮುಖ, ಯಂತ್ರದ ಕೊಳವೆಯ ಮೇಲೆ ಕೂರಬೇಕು. ಜಾಸ್ತಿ ಪ್ಲಸ್ ಪವರ್ ಇದ್ದರೆ ತಿರುಗಿಸಿಟ್ಟಾಗ ಅಂಕಿಯೇ ಬೇರೆ ಬರುತ್ತದೆ.

ಸಿಲಿಂಡರ್ ಅಂದರೆ ಒಂದು ದಿಕ್ಕಿಗೆ ಮಾತ್ರ ಕೊಡುವ ಪವರ್, ಅದು ಕೂರಬೇಕಾದ ಕೋನವೇ ಆಕ್ಸಿಸ್. ಈ ಆಕ್ಸಿಸ್‌ನ ಮಿತಿ ನೋಡಿದಾಗ ಮೊದಮೊದಲು ವಿಚಿತ್ರ ಅನಿಸುತ್ತಿತ್ತು. ಸಿಲಿಂಡರ್ 0.25 ಇದ್ದರೆ 14 ಡಿಗ್ರಿ ತಪ್ಪಿದರೂ ಪಾಸ್. 0.50ಕ್ಕೆ 7, 0.75ಕ್ಕೆ 5, 1.50ರವರೆಗೆ 3, ಅದರ ಮೇಲೆ 2 ಡಿಗ್ರಿ. ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು. ಆಕ್ಸಿಸ್ ತಿರುಗಿದರೆ ಕಣ್ಣಿಗೆ ಉಳಿಯುವ ಹೆಚ್ಚುವರಿ ಸಿಲಿಂಡರ್ ಅಂದರೆ ಸಿಲಿಂಡರ್‌ನ ಎರಡರಷ್ಟನ್ನು ತಪ್ಪಿದ ಕೋನದ ಸೈನ್‌ನಿಂದ ಗುಣಿಸಿದಷ್ಟು. 0.25ಕ್ಕೆ 14 ಡಿಗ್ರಿ ತಪ್ಪಿದರೆ 0.12. 0.75ಕ್ಕೆ 5 ಡಿಗ್ರಿ ತಪ್ಪಿದರೆ 0.13. ಸುತ್ತಿ ಬಳಸಿ ಮತ್ತೆ ಅದೇ ಅರ್ಧ ಮೆಟ್ಟಿಲು! ಆದರೆ ದೊಡ್ಡ ಸಿಲಿಂಡರ್‌ಗೆ ಈ ಹೊಂದಾಣಿಕೆ ಕೆಡುತ್ತದೆ. 4.00 ಸಿಲಿಂಡರ್‌ಗೆ 2 ಡಿಗ್ರಿ ಅಂದರೆ 0.28 ಉಳಿಯುತ್ತದೆ. ಪಟ್ಟಿ ಪಾಸ್ ಮಾಡಿದರೂ ಅಂಥ ಲೆನ್ಸ್‌ನಲ್ಲಿ ನಾನು 1 ಡಿಗ್ರಿಗಿಂತ ಜಾಸ್ತಿ ಒಪ್ಪುವುದಿಲ್ಲ.

ಇಷ್ಟೆಲ್ಲ ಇದ್ದರೂ, ಪವರ್ ತಪ್ಪಿ ಕನ್ನಡಕ ವಾಪಸ್ ಬರುವುದು ನನ್ನಲ್ಲಿ ಕಡಿಮೆ. ಜಾಸ್ತಿ ತೊಂದರೆ ಕೊಡುವುದು ಸೆಂಟರ್, ಅಂದರೆ ಲೆನ್ಸ್‌ನಲ್ಲಿ ಬೆಳಕು ಬಾಗದೆ ನೇರ ಹಾಯುವ ಬಿಂದು. ಅದು ಕಣ್ಣಿನ ಪಾಪೆಯ ಎದುರಿಗೆ ಬರಬೇಕು. "ಸಾರ್, ಅಕ್ಷರ ಚೆನ್ನಾಗೇ ಕಾಣುತ್ತೆ, ಆದ್ರೆ ಹಾಕ್ಕೊಂಡ್ರೆ ಏನೋ ಎಳೆದಂಗೆ ಆಗುತ್ತೆ" ಅಂತ ಯಾರಾದರೂ ಅಂದರೆ ನಾನು ಮೊದಲು ನೋಡುವುದು ಅದನ್ನೇ.

ಪ್ರೆಂಟಿಸ್ ಸೂತ್ರ ಗೊತ್ತಿದ್ದರೆ ಸಾಕು. ಸೆಂಟರ್ ಎಷ್ಟು ಸೆಂಟಿಮೀಟರ್ ಸರಿದಿದೆಯೋ ಅದನ್ನು ಪವರ್‌ನಿಂದ ಗುಣಿಸಿದರೆ ಪ್ರಿಸಂ ಬರುತ್ತದೆ, ಅಂದರೆ ಲೆನ್ಸ್ ನೋಟವನ್ನು ಒಂದು ಕಡೆಗೆ ಎಷ್ಟು ಸರಿಸುತ್ತದೆ ಅನ್ನುವ ಅಳತೆ. 2.00 ಲೆನ್ಸ್ 1 ಮಿಲಿಮೀಟರ್ ಸರಿದರೆ 0.2 ಪ್ರಿಸಂ. 8.00 ಲೆನ್ಸ್ ಅಷ್ಟೇ ಸರಿದರೆ 0.8. ಎರಡು ಕಣ್ಣುಗಳ ನಡುವೆ ಮೇಲೆ ಕೆಳಗಿನ ವ್ಯತ್ಯಾಸಕ್ಕೆ ಪಟ್ಟಿ ಕೊಡುವ ಮಿತಿ 0.33 ಪ್ರಿಸಂ, ಪವರ್ ಜಾಸ್ತಿ ಇದ್ದರೆ 1 ಮಿಲಿಮೀಟರ್. ಅಂದರೆ 8.00 ಪವರ್‌ನವರಿಗೆ 0.8 ಪ್ರಿಸಂ ಪಾಸ್! ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ಹೋಗುವ ಅಭ್ಯಾಸ ನಮಗಿಲ್ಲ. ಅಡ್ಡಕ್ಕೆ ಆದರೆ ಕಣ್ಣು ಒಂದಿಷ್ಟು ಸಹಿಸಿಕೊಳ್ಳುತ್ತದೆ, ಅದೂ ಒಳಗೆ ತಿರುಗುವ ದಿಕ್ಕಿನಲ್ಲಿ. ಹೊರಗೆ ತಿರುಗಲು ಅದಕ್ಕೆ ಕಷ್ಟ. ಅದಕ್ಕೇ ಪಿಡಿಯಲ್ಲಿ, ಅಂದರೆ ಎರಡು ಪಾಪೆಗಳ ನಡುವಿನ ಅಂತರದಲ್ಲಿ, ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆ ಆಗುವುದು ತಪ್ಪದಿದ್ದರೆ ಮೈನಸ್ ಲೆನ್ಸ್‌ನಲ್ಲಿ ಸೆಂಟರ್‌ಗಳು ಸ್ವಲ್ಪ ಹತ್ತಿರ ಬರಲಿ, ಪ್ಲಸ್‌ನಲ್ಲಿ ಸ್ವಲ್ಪ ದೂರ ಹೋಗಲಿ ಅಂತ ನೋಡಿಕೊಳ್ಳುತ್ತೇನೆ.

ಫಿಟ್ಟಿಂಗ್ ಮುಗಿದಾಗ ಎರಡು ಲೆನ್ಸ್‌ಗಳ ಮೇಲೆ ಕೆಳಗಿನ ವ್ಯತ್ಯಾಸ ಅಳೆಯುವುದು ಸುಲಭ. ಜಾಸ್ತಿ ಪವರ್ ಇರುವ ಲೆನ್ಸ್‌ನಿಂದ ಶುರು ಮಾಡಿ ಸೆಂಟರ್ ಹಿಡಿಯಿರಿ. ಯಂತ್ರದಲ್ಲಿ ಫ್ರೇಮ್ ಕೂರುವ ಅಡ್ಡಪಟ್ಟಿಯ ಎತ್ತರ ಅಲುಗಿಸದೆ ಇನ್ನೊಂದು ಲೆನ್ಸ್‌ಗೆ ಸರಿಸಿ. ಈಗ ಯಂತ್ರ ತೋರಿಸುವ ಮೇಲೆ ಕೆಳಗಿನ ಪ್ರಿಸಂ ಏನಿದೆಯೋ ಅದೇ ಎರಡರ ನಡುವಿನ ವ್ಯತ್ಯಾಸ.

ಪಟ್ಟಿ ಒಂದೊಂದು ಲೆನ್ಸ್‌ನ ಪವರನ್ನು ಪ್ರತ್ಯೇಕವಾಗಿ ನೋಡುತ್ತದೆ. ಹಾಕಿಕೊಳ್ಳುವವರು ಎರಡನ್ನೂ ಒಟ್ಟಿಗೆ ಹಾಕಿಕೊಳ್ಳುತ್ತಾರೆ ಅಲ್ವಾ? ಎರಡೂ ಕಡೆ ಮೈನಸ್ 3.00 ಬೇಕಿತ್ತು ಅನ್ನಿ. ಎರಡೂ 2.88 ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಬಲ 2.88, ಎಡ 3.12 ಬಂದರೆ ಎರಡೂ ಪಾಸ್ ಆದರೂ ಕಣ್ಣುಗಳ ನಡುವೆ 0.24 ವ್ಯತ್ಯಾಸ ಹುಟ್ಟಿತು. ಹೀಗೆ ಬಂದರೆ ಒಂದು ಲೆನ್ಸ್ ಬದಲಿಸಿಕೊಡಿ ಅಂತ ಲ್ಯಾಬ್‌ಗೆ ಕೇಳುತ್ತೇನೆ. ಕೆಲವೊಮ್ಮೆ ಗೊಣಗುತ್ತಾರೆ, ಆದರೂ ಕೊಡುತ್ತಾರೆ. "ಪವರ್ ಸರಿ ಇಲ್ಲ" ಅಂತ ಸುಮ್ನೆ ಬರೆದರೆ ವಾದ ಬೆಳೆಯುತ್ತದೆ. ಬೇಕಾದ ಅಂಕಿ, ಬಂದ ಅಂಕಿ ಎರಡನ್ನೂ ಚೀಟಿಯಲ್ಲಿ ಬರೆದರೆ ಮಾತು ಬೇಗ ಮುಗಿಯುತ್ತದೆ.

ಫ್ರೇಮ್ ಬಿಗಿದು ಲೆನ್ಸ್ ಬಾಗುವುದು ಇನ್ನೊಂದು ಕಿರಿಕಿರಿ. ಲ್ಯಾಪ್‌ಟಾಪ್ ಪರದೆಯಲ್ಲಿ ಬಿಳಿ ಪುಟ ತೆರೆದು, ಅದರ ಮುಂದೆ ಕನ್ನಡಕ ಹಿಡಿದು, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಮೂಲಕ ನೋಡಿ. ಪರದೆ ಕಪ್ಪಾಗುವ ತನಕ ಕೂಲಿಂಗ್ ಗ್ಲಾಸ್ ತಿರುಗಿಸಬೇಕು. ಅಂಚಿನಲ್ಲಿ ಬೆಳಕಿನ ಪಟ್ಟೆ ಕಂಡರೆ ಸ್ಕ್ರೂ ಸ್ವಲ್ಪ ಸಡಿಲಿಸಿ. ಪಾಲಿಕಾರ್ಬೊನೇಟ್‌ನಲ್ಲಿ ಮಾತ್ರ ಪಟ್ಟೆ ಹೇಗೂ ಒಂದಿಷ್ಟು ಇದ್ದೇ ಇರುತ್ತದೆ.

ದೂರದಿಂದ ಹತ್ತಿರಕ್ಕೆ ಪವರ್ ನಿಧಾನವಾಗಿ ಬದಲಾಗುವ ಪ್ರೋಗ್ರೆಸಿವ್ ಲೆನ್ಸ್‌ಗೆ ಪವರ್ ಮಿತಿ 0.16, ಕೊಂಚ ಸಡಿಲ. ಆದರೆ ಪಾಪೆಯ ಎದುರು ಕೂರಬೇಕಾದ ಗುರುತು, ಅಂದರೆ ಫಿಟ್ಟಿಂಗ್ ಕ್ರಾಸ್, ಯಾವ ಕಡೆಗೂ 1 ಮಿಲಿಮೀಟರ್‌ಗಿಂತ ಜಾಸ್ತಿ ಸರಿಯುವಂತಿಲ್ಲ. ಕಂಪ್ಯೂಟರ್ ಲೆಕ್ಕದಂತೆ ಕಡೆಯುವ ಫ್ರೀಫಾರ್ಮ್ ಲೆನ್ಸ್ ಆದರೆ ಪ್ಯಾಕೆಟ್ ಮೇಲೆ ಎರಡು ಸಾಲು ಅಂಕಿ ಇರಬಹುದು: ಡಾಕ್ಟರ್ ಬರೆದದ್ದು, ಮತ್ತು ಫ್ರೇಮ್ ಮುಖದ ಮೇಲೆ ಎಷ್ಟು ವಾಲಿ ಕೂರುತ್ತದೆ ಅನ್ನುವುದಕ್ಕೆ ತಕ್ಕಂತೆ ಲ್ಯಾಬ್ ಬದಲಿಸಿದ್ದು. ಲೆನ್ಸೋಮೀಟರ್ ಅಂಕಿಯನ್ನು ಎರಡನೆಯದಕ್ಕೆ ಹೋಲಿಸಬೇಕು. ಇದು ತಿಳಿಯದೆ ಒಳ್ಳೆಯ ಲೆನ್ಸ್‌ಗಳೇ ವಾಪಸ್ ಹೋಗುತ್ತವೆ. ಲೆನ್ಸ್ ಮೇಲಿನ ಇಂಕಿನ ಗುರುತುಗಳನ್ನು ಗಿರಾಕಿ ಹಾಕಿ ನೋಡುವ ತನಕ ಒರೆಸಬೇಡಿ. ಒರೆಸಿಬಿಟ್ಟಿದ್ದರೆ ಬೆಳಕಿಗೆ ಹಿಡಿದು ಹುಡುಕಿ. 34 ಮಿಲಿಮೀಟರ್ ಅಂತರದಲ್ಲಿ ಎರಡು ಸಣ್ಣ ಕೆತ್ತನೆಗಳು ಸಿಗುತ್ತವೆ. ಕಂಪನಿಯ ಚಾರ್ಟ್ ಮೇಲೆ ಅವನ್ನು ಕೂರಿಸಿ ಕ್ರಾಸ್ ಮತ್ತೆ ಬರೆದುಕೊಳ್ಳಬಹುದು.