ರೇಷ್ಮೆ ಹುಳುವಿನ ನಡೆ ನೋಡಿ ಹಾಲುತೊಂಡೆ, ಊಜಿ ಪತ್ತೆ ಮಾಡುವುದು

ಮೈ ಒಡೆದು ಹಾಲು ಸೋರುವ ಹುಳು ಕಣ್ಣಿಗೆ ಬೀಳುವ ಹೊತ್ತಿಗೆ ಹಾಲುತೊಂಡೆ ಎಂಬ ವೈರಸ್ ರೋಗ ಹುಳು ಸಾಕುವ ಹಾಸಿಗೆಯಲ್ಲಿ ಹರಡಿಯಾಗಿರುತ್ತದೆ. ಅದಕ್ಕೂ ಮುಂಚೆಯೇ ಹುಳುವಿನ ನಡೆ ಬದಲಾಗುತ್ತದೆ. ತಿನ್ನುವುದು, ಕೂರುವುದು ಬಿಟ್ಟು ಒಂದೇ ಸಮ ಓಡಾಡುತ್ತದೆ, ಹಾಸಿಗೆಯ ಅಂಚಿಗೆ ಬರುತ್ತದೆ, ಎತ್ತರಕ್ಕೆ ಹತ್ತುತ್ತದೆ. ಈ ಓಡಾಟದಿಂದ ಲಾಭ ವೈರಸ್ಸಿಗೆ. ಮೇಲೆ ಸತ್ತು ಒಡೆದ ಹುಳುವಿನ ಹಾಲು ಕೆಳಗಿನ ಸೊಪ್ಪಿನ ಮೇಲೆ ಬೀಳುತ್ತದೆ, ಆ ಸೊಪ್ಪು ತಿಂದ ಹುಳುವಿಗೂ ರೋಗ ಬರುತ್ತದೆ.

ಸೊಪ್ಪಿನ ಜೊತೆ ಹೊಟ್ಟೆಗೆ ಹೋದ ವೈರಸ್ಸಿನ ಹರಳುಗಳು ಕರುಳಿನ ಕ್ಷಾರದಲ್ಲಿ ಕರಗುತ್ತವೆ. ಅಲ್ಲಿಂದ ಮೂರು-ನಾಲ್ಕು ದಿನಕ್ಕೆ ಓಡಾಟ ಶುರು. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ವೈರಸ್ಸಿನಿಂದ ಪಿಟಿಪಿ ಎಂಬ ಒಂದೇ ಜೀನ್ ತೆಗೆದಾಗ ಸೋಂಕಿನ ಹುಳುಗಳಲ್ಲಿ ಆ ಓಡಾಟ ಕಾಣಲಿಲ್ಲ. ಇದೇ ಗುಂಪಿನ ವೈರಸ್ಸುಗಳಲ್ಲಿರುವ ಇಜಿಟಿ ಎಂಬ ಇನ್ನೊಂದು ಜೀನ್ ಪೊರೆ ಕಳಚಿಸುವ ಹಾರ್ಮೋನನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಉಳಿದವೆಲ್ಲ ಜ್ವರಕ್ಕೆ, ಅಂದರೆ ತಿನ್ನದೆ ಅಲುಗದೆ ಪೊರೆ ಬಿಡಲು, ಕೂತಿರುವಾಗ ನಾಲ್ಕಾರು ಹುಳು ಮಾತ್ರ ಹರಿದಾಡುತ್ತಿದ್ದರೆ ಅನುಮಾನ ಪಡಬೇಕಾದದ್ದು ಇದಕ್ಕೇ.

ಯಾವಾಗ ನೋಡಬೇಕು

ಸೊಪ್ಪು ಹಾಕುವ ಮುಂಚೆ ನೋಡಿ ಪ್ರಯೋಜನವಿಲ್ಲ, ಹಸಿದ ಹುಳುಗಳೆಲ್ಲ ಆಗ ಅಲೆಯುತ್ತಿರುತ್ತವೆ. ಸೊಪ್ಪು ಕೊಟ್ಟು ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ಬನ್ನಿ. ಸ್ಟ್ಯಾಂಡಿನ ಅಂಚು, ಕಡ್ಡಿ ಸೊಪ್ಪಿನ ತುದಿ, ಕಂಬ ನೋಡಿ. ಅಷ್ಟು ಸೊಪ್ಪಿದ್ದೂ ಅಲ್ಲಿ ತಿರುಗುವ ಹುಳುವನ್ನು ಬೇರೆ ಮಾಡಿ. ನಾಲ್ಕನೇ ಜ್ವರಕ್ಕೆ ಕೂರುವಾಗ ಒಮ್ಮೆ, ಅದಾದ ಮೇಲಿನ ಕೊನೆಯ, ಐದನೇ ಹಂತದಲ್ಲಿ ದಿನಾ ಒಮ್ಮೆ ಹೀಗೆ ನೋಡಿದರೆ ಸಾಕು.

ಓಡಾಡುವುದೆಲ್ಲ ಹಾಲುತೊಂಡೆಯಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವೂ ತಲೆ ಎತ್ತಿ ಜಾಗ ಹುಡುಕುತ್ತದೆ. ಆದರೆ ಅದರ ಮೈ ಕುಗ್ಗಿ ಬೆಳಕು ಹಾಯುವಂತಿರುತ್ತದೆ, ಬಾಯಿಂದ ಎಳೆ ಬರುತ್ತಿರುತ್ತದೆ. ಹಾಲುತೊಂಡೆ ಹುಳುವಿನ ಮೈ ಮಂಕು, ಉಂಗುರದ ಸಂದು ಉಬ್ಬಿರುತ್ತದೆ. ಹಳದಿ ಗೂಡಿನ ಮಿಶ್ರ ತಳಿ ಹಣ್ಣಾದಾಗ ತಾನಾಗಿಯೇ ಹಳದಿಗೆ ತಿರುಗುವುದರಿಂದ ಬಣ್ಣವೊಂದನ್ನೇ ನಂಬಬೇಡಿ. ತಲೆ ಎತ್ತಿ ತೂಗುತ್ತ ಹಸಿರು ನೀರು ಕಕ್ಕಿದರೆ ಅದು ವಿಷದ ಲಕ್ಷಣ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆ ತಂದವರು ಮೊದಲು ಇದನ್ನೇ ಯೋಚಿಸಲಿ. ಎಲ್ಲ ಹುಳುವೂ ಒಟ್ಟಿಗೆ ಅಂಚಿಗೆ ಬಂದರೆ ಸೆಖೆ ಇಲ್ಲವೇ ಇಕ್ಕಟ್ಟು. ಐದನೇ ಹಂತಕ್ಕೆ 24-25 ಡಿಗ್ರಿ, ತೇವಾಂಶ ಶೇ 65-70ರಷ್ಟಿರಬೇಕು.

ಹನಿ ಪರೀಕ್ಷೆ

ಅನುಮಾನದ ಹುಳುವನ್ನು ಸಾಕಣೆ ಮನೆಯಿಂದ ಹೊರಗೆ ಒಯ್ದು ಹೊಟ್ಟೆಯ ಮೆತ್ತನೆ ಕಾಲಿಗೆ ಸೂಜಿ ಚುಚ್ಚಿ. ಹನಿಯನ್ನು ಗಾಜಿನ ಮೇಲೆ ತೆಗೆದುಕೊಂಡು ಕೆಳಗೆ ಕಪ್ಪು ಕಾಗದ ಇಡಿ. ಒಳ್ಳೆ ಹುಳುವಿನ ರಕ್ತ ತಿಳಿಯಾಗಿರುತ್ತದೆ, ತಳಿಗೆ ತಕ್ಕಂತೆ ತುಸು ಹಳದಿ ಇರಬಹುದು, ಬಿಟ್ಟರೆ ಕಪ್ಪಾಗುತ್ತದೆ. ರೋಗದ ಹುಳುವಿನದು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ ಮಬ್ಬು. ಸೋಂಕಿನ ಮೊದಲ ದಿನಗಳಲ್ಲಿ ಹನಿ ತಿಳಿಯಾಗಿಯೇ ಇರುವುದರಿಂದ, ತಿಳಿ ಬಂತೆಂದು ಆ ಹುಳುವನ್ನು ಮತ್ತೆ ಹಾಸಿಗೆಗೆ ಬಿಡಬೇಡಿ. ಖಾತ್ರಿ ಬೇಕಾದರೆ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲೋ ಮೈಸೂರಿನ ಶ್ರೀರಾಂಪುರದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲೋ ಸೂಕ್ಷ್ಮದರ್ಶಕದಲ್ಲಿ ತೋರಿಸಿ. ಹೊಳೆಯುವ ಹರಳುಗಳು ಕಂಡರೆ ಮುಗಿಯಿತು.

ಸಿಕ್ಕ ಮೇಲೆ

10 ಲೀಟರ್ ನೀರಿಗೆ 30 ಗ್ರಾಂ ಅರಳಿದ ಸುಣ್ಣ, 200 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ಅಗಲ ಬೇಸಿನ್ನಿನಲ್ಲಿಡಿ. ಡಬ್ಬಿ ತೆರೆದು ತಿಂಗಳುಗಟ್ಟಲೆ ಆದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ವಾಸನೆ ಘಾಟಾಗಿಲ್ಲದಿದ್ದರೆ ಬಳಸಬೇಡಿ. ಹುಳುವನ್ನು ಕಡ್ಡಿಯಿಂದ ಎತ್ತಿ ಇದರಲ್ಲಿ ಹಾಕಿ. ಕೈಯಲ್ಲಿ ಹಿಡಿದರೆ ತೆಳು ಚರ್ಮ ಒಡೆಯುತ್ತದೆ, ಅದೇ ಕೈ ಮುಂದಿನ ಹಾಸಿಗೆಗೆ ಹೋಗುತ್ತದೆ. ಆಮೇಲೆ ಸುಣ್ಣ ಹಾಕಿ ಹೂಳಿ. ಕೋಳಿಗೆ ಎಸೆಯುವುದು, ತಿಪ್ಪೆಗೆ ಹಾಕುವುದು ಬೇಡ, ಗೊಬ್ಬರದ ಮೂಲಕ ಮತ್ತೆ ತೋಟಕ್ಕೇ ಬರುತ್ತದೆ. ಜ್ವರದಿಂದ ಎದ್ದ ಹುಳುವಿಗೆ ಸೊಪ್ಪು ಕೊಡುವ ಅರ್ಧ ಗಂಟೆ ಮುಂಚೆ ಹಾಸಿಗೆಯ ಸೋಂಕು ಕಳೆಯುವ ವಿಜೇತ ಪುಡಿ ಧೂಳೀಕರಿಸಿ. ನಾಲ್ಕನೇ ಜ್ವರದ ನಂತರ ಚದರ ಅಡಿಗೆ 5 ಗ್ರಾಂ, ಐದನೇ ಹಂತದ ನಾಲ್ಕನೇ ದಿನ ಇನ್ನೊಮ್ಮೆ. ಜ್ವರಕ್ಕೆ ಕೂತ ಹುಳುವಿನ ಮೇಲೆ ಮಾತ್ರ ಹಾಕಬಾರದು.

ಊಜಿಯ ಲಕ್ಷಣ ಬೇರೆ

1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದ ಊಜಿ ನೊಣ ಹುಳುವಿನ ಮೈಮೇಲೆ ಸಣ್ಣ ಬಿಳಿ ಮೊಟ್ಟೆ ಇಡುತ್ತದೆ. ಎರಡು-ಮೂರು ದಿನಕ್ಕೆ ಮರಿ ಒಳಹೊಕ್ಕು, ಹೊಕ್ಕ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಇಂಥ ಹುಳು ಜೊತೆಯವಕ್ಕಿಂತ ಮುಂಚೆ ಹಣ್ಣಾಗುತ್ತದೆ. ಹಾಗಾಗಿ ಮೊದಲು ಹಣ್ಣಾದ ಹುಳುಗಳಲ್ಲಿ ಕಲೆಯಿದ್ದವನ್ನು ಬೇರೆ ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಡಿ, ಒಳ್ಳೆಯವಕ್ಕೆ ಬೆರೆಸಬೇಡಿ. ಮರಿ ಗೂಡು ಕೊರೆದು ಹೊರಬಂದರೆ ಆ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಹೊರಬಿದ್ದ ಮರಿ ಕತ್ತಲೆ ಹುಡುಕಿ ಬಿರುಕಿಗೆ ಸೇರಿ ಒಂದೇ ದಿನದೊಳಗೆ ಕೋಶವಾಗುತ್ತದೆ. ನೆಲ, ಗೋಡೆಯ ಬಿರುಕು ಮುಚ್ಚಿ, ಕಿಟಕಿ-ಬಾಗಿಲಿಗೆ ನೈಲಾನ್ ಜಾಲರಿ ಕಟ್ಟಿ.

ಉಳಿದ ಕೋಶಗಳಿಗೆ ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜ ಬಿಡಬೇಕು. ಊಜಿ ಕೋಶದೊಳಗೇ ಮೊಟ್ಟೆ ಇಟ್ಟು ಅದನ್ನು ತಿಂದು ಬೆಳೆಯುವ ಜೀವಿ ಇದು. 100 ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಇಲ್ಲಿ ಒಂದು ಲೆಕ್ಕ) ಬೆಳೆಗೆ 1 ಲಕ್ಷ ಕಣಜ, ಒಂದೇ ಸಲಕ್ಕಲ್ಲ, ಕಂತಿನಲ್ಲಿ. ಗೂಡು ಬಿಡಿಸಿದ ಮೇಲೆ ಕಣಜದ ಪೊಟ್ಟಣವನ್ನು ಹಾಸಿಗೆ ಕಸ ಸುರಿದ ಗೊಬ್ಬರದ ಗುಂಡಿಯ ಬಳಿ ಕಟ್ಟಿ. ಕಣಜ ಇರುವವರೆಗೆ ಅಲ್ಲಿ ಕೀಟನಾಶಕ ಹೊಡೆಯಬೇಡಿ.