ಬೆಳ್ಳಿ ಮೇಲೆ ಒಂದೇ ಒಂದು ಪದರ: ನನಗೆ ಕೊನೆಗೂ ಸಿಕ್ಕಿದ್ದು ಹೀಗೆ

ಬೆಳ್ಳಿ ಹರಳಿನ (111) ಎಂಬ ಮುಖದ ಮೇಲೆ ಪಿಟಿಸಿಡಿಎ ಎಂಬ ಚಪ್ಪಟೆ ಸಾವಯವ ಅಣುವನ್ನು ಕೂರಿಸಿ ಯುಪಿಎಸ್ ತೆಗೆದರೆ (ನೇರಳಾತೀತ ಬೆಳಕು ಬಿಟ್ಟು, ಹೊರಬರುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವುದು), ಫರ್ಮಿ ಮಟ್ಟದಿಂದ, ಅಂದರೆ ಲೋಹದಲ್ಲಿ ಎಲೆಕ್ಟ್ರಾನ್ ತುಂಬಿರುವ ಮೇಲಿನ ಗಡಿಯಿಂದ, 0.3 ಇವಿ (ಎಲೆಕ್ಟ್ರಾನ್ ವೋಲ್ಟ್) ಆಸುಪಾಸು ಕೆಳಗೆ ಒಂದು ಸಣ್ಣ ಉಬ್ಬು ಕಾಣಬೇಕು. ಬೆಳ್ಳಿಯ ಎಲೆಕ್ಟ್ರಾನ್ ಬಂದು ತುಂಬಿದ ಲೂಮೋ ಅದು, ಅಂದರೆ ಅಣುವಿನಲ್ಲಿ ಮೊದಲು ಖಾಲಿಯಿದ್ದ ಅತಿ ಕೆಳಗಿನ ಕಕ್ಷೆ. ನನಗೆ ಒಂದು ದಿನ ಕಾಣುತ್ತಿತ್ತು, ಮರುದಿನ ಮಾಯ. ಲ್ಯಾಬಿನ ಹಿರಿಯರೊಬ್ಬರು "ಅದು ಲೂಮೋ ಅಲ್ಲ, ಕೊಳೆ. ಸುಮ್ನೆ ಬಿಟ್ಟುಬಿಡಿ" ಎಂದರು.

ಬಿಡಲಿಲ್ಲ. ಎಂಟು ತಿಂಗಳು ಹೋಯಿತು.

ತಪ್ಪಿದ್ದು ಪದರದ ದಪ್ಪ ಅಳೆಯುವ ಕ್ವಾರ್ಟ್ಜ್ ಮೈಕ್ರೋಬ್ಯಾಲೆನ್ಸ್ ನಂಬಿದ್ದರಲ್ಲಿ. ಒಂದು ಪದರ ಅಂದರೆ 3 ಆಂಗ್‌ಸ್ಟ್ರಾಮ್‌ಗಿಂತ (ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಮ್) ಸ್ವಲ್ಪ ಜಾಸ್ತಿ, ಅಷ್ಟಕ್ಕೇ ಶಟರ್ ಮುಚ್ಚುತ್ತಿದ್ದೆ. ಆದರೆ ಟೂಲಿಂಗ್ ಫ್ಯಾಕ್ಟರ್, ಅಂದರೆ ಮಾಪಕದ ಮೇಲೆ ಕೂತದ್ದಕ್ಕೂ ಹರಳಿನ ಮೇಲೆ ಕೂತದ್ದಕ್ಕೂ ಇರುವ ಅನುಪಾತ, ದಿನದಿನಕ್ಕೂ ಜಾರುತ್ತಿತ್ತು. ಒಮ್ಮೆ ಮುಕ್ಕಾಲು ಪದರ, ಒಮ್ಮೆ ಒಂದೂವರೆ. ಮೇಲೆ ಇನ್ನೊಂದು ಪದರ ಕೂತರೆ ಆ ಉಬ್ಬು ಮಸುಕಾಗುತ್ತದೆ, ಅಲ್ವಾ? ನಡುವೆ ಥರ್ಮೋಕಪಲ್ ಜಾರಿ, ಉಷ್ಣತೆ ಕಡಿಮೆ ಅಂತ ತೋರಿಸಿತು. ನಾನು ಹರಳು ಕಾಯಿಸುವ ಕರೆಂಟ್ ಏರಿಸಿದೆ. ಕನ್ನಡಿಯಂತಿದ್ದ ಹರಳಿನ ಮುಖ ಹಾಲಿನಂತೆ ಬೆಳ್ಳಗಾಯಿತು. ಮತ್ತೆ ಪಾಲಿಶ್ ಮಾಡಿಸಲು ಆ ವರ್ಷದ ಸಾಮಗ್ರಿ ಹಣದಲ್ಲಿ ಮೂರನೇ ಒಂದು ಭಾಗ ಹೋಯಿತು. ಇವತ್ತಿಗೂ ಅದು ನೋಯುತ್ತದೆ.

ಆಮೇಲೆ ಅಳತೆ ನೋಡಿ ನಿಲ್ಲಿಸುವುದನ್ನೇ ಬಿಟ್ಟೆ. ನಾಲ್ಕೈದು ಪದರ ಧಾರಾಳವಾಗಿ ಹಾಕಿದೆ, ಮತ್ತೆ ಹರಳನ್ನು 280 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕಾಯಿಸಿದೆ. ಮೇಲಿನವೆಲ್ಲ ಎದ್ದು ಹೋದವು, ಕೆಳಗಿನದು ಉಳಿಯಿತು. ಅದು ಹೋಗುವುದಿಲ್ಲ. ತುದಿಯ ಆಮ್ಲಜನಕಗಳು ಬೆಳ್ಳಿಯ ಕಡೆಗೆ ಬಾಗಿರುತ್ತವೆ, ನಡುವಿನ ಕಾರ್ಬನ್ ಭಾಗ 2.86 ಆಂಗ್‌ಸ್ಟ್ರಾಮ್ ಎತ್ತರದಲ್ಲೇ ಹಿಡಿದು ಕೂತಿರುತ್ತದೆ. ಅತಿಯಾಗಿ ಕಾಯಿಸಿದರೆ ಅಣು ಒಡೆಯುತ್ತದೆಯೇ ಹೊರತು ಎದ್ದು ಹೋಗುವುದಿಲ್ಲ. ಹೊಸದಾಗಿ ತಯಾರಿಸಿ ಆರು ಸಲ ತೆಗೆದೆ. ಆರು ಸಲವೂ ಉಬ್ಬು ಅದೇ ಜಾಗದಲ್ಲಿ, ಹೆಚ್ಚುಕಮ್ಮಿ ಅದೇ ಎತ್ತರದಲ್ಲಿ. ಇಷ್ಟು ಸ್ಥಿರವಾದ ಪದರ ನಮ್ಮ ನಿರ್ವಾತ ಚೇಂಬರ್‌ನಲ್ಲಿ ಅಲ್ಲಿಯವರೆಗೆ ಯಾರೂ ತೆಗೆದಿರಲಿಲ್ಲ. ಕಾಯಿಸುವ ವೇಗ ಎಷ್ಟು, ಥರ್ಮೋಕಪಲ್ ಎಲ್ಲಿ ಒತ್ತಿದೆ ಎನ್ನುವುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಪಿಟಿಸಿಡಿಎ ಪುಡಿಯನ್ನು ಮಾತ್ರ ರಾತ್ರಿಯಿಡೀ ಡೀಗ್ಯಾಸ್ ಮಾಡಿ (ನಿರ್ವಾತದಲ್ಲಿ ಕಾಯಿಸಿ ಒಳಗಿನ ಅನಿಲ ಹೊರಹಾಕಿ), ಅದರಲ್ಲಿ ಆತುರ ಬೇಡ.

ಕೊಳೆ ಎಂದವರಿಗೆ ಉತ್ತರ ಕೊಡಬೇಕಿತ್ತು. ಅದೇ ಪುಡಿ, ಅದೇ ಚೇಂಬರ್, ಬೆಳ್ಳಿ ಬದಲು ಚಿನ್ನ (111). ಉಬ್ಬು ಇಲ್ಲವೇ ಇಲ್ಲ. ಕೊಳೆಯಾಗಿದ್ದರೆ ಇಲ್ಲೂ ಬರಬೇಕಿತ್ತು. ಇಲ್ಲಿ ಇನ್ನಷ್ಟು ಕಾಯಿಸಿದಾಗ ಮೊದಲ ಪದರವೂ ಎದ್ದು ಹೋಯಿತು.

ಚಿನ್ನದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ವರ್ಕ್ ಫಂಕ್ಷನ್, ಅಂದರೆ ಮೇಲ್ಮೈಯಿಂದ ಎಲೆಕ್ಟ್ರಾನ್ ಹೊರಗೆಳೆಯಲು ಬೇಕಾದ ಕನಿಷ್ಠ ಶಕ್ತಿ, ಅರ್ಧ ಇವಿ ಹತ್ತಿರ ಇಳಿದಿತ್ತು. ಮೇಲ್ಮೈಯಿಂದ ಹೊರಕ್ಕೆ ಚಾಚಿದ ಎಲೆಕ್ಟ್ರಾನ್ ಮೋಡವನ್ನು ಅಣು ಒಳಕ್ಕೆ ತಳ್ಳುತ್ತದಲ್ಲ, ಅಷ್ಟಕ್ಕೇ ಈ ಇಳಿತ. ಬೆಳ್ಳಿಯಲ್ಲೂ ಈ ತಳ್ಳಾಟ ಇದ್ದೇ ಇದೆ. ಆದರೆ ಅಲ್ಲಿ ಅಣುವಿಗೆ ಎಲೆಕ್ಟ್ರಾನ್ ಹೋಗುವುದು ಉಲ್ಟಾ ದಿಕ್ಕಿಗೆ ಎಳೆಯುತ್ತದೆ. ಅದಕ್ಕೇ ಬೆಳ್ಳಿಯಲ್ಲಿ ಸಂಖ್ಯೆ ಹೆಚ್ಚು ಕದಲಲೇ ಇಲ್ಲ. ವರ್ಕ್ ಫಂಕ್ಷನ್ ಬದಲಾಗಲಿಲ್ಲ ಎಂದು ಏನೂ ನಡೆದಿಲ್ಲ ಅಂತ ತಿಳಿಯಬೇಡಿ. ಮೊದಲ ಮೂರು ತಿಂಗಳು ನಾನೂ ಹಾಗೇ ತಿಳಿದಿದ್ದೆ.

ಆ ಹಿರಿಯರು ಎರಡೂ ಸ್ಪೆಕ್ಟ್ರಮ್ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರು. ಕೊನೆಗೆ "ತಾಮ್ರದ ಮೇಲೂ ಮಾಡಿ" ಎಂದರು. ಹರಳು ಹಾಕಿದ್ದೇನೆ. ಹೊಸ ಪುಡಿ ಡೀಗ್ಯಾಸ್ ಆಗುತ್ತಿದೆ, ಒತ್ತಡ ಇನ್ನೂ ಇಳಿಯಬೇಕು.